ಅತ್ತಿಗೆಯ ಎರಡನೆಯ ತಲೆ

ಅತ್ತಿಗೆಯ ತಲೆ ಒಡೆದು ಚೂರಾಗಿದೆ ಎಂಬ ಸುದ್ದಿ ಬಂದಾಗ ಅತ್ತಿಗೆ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದರು.

“ಯಾರ ತಲೆ?” ಎಂದರು.

“ನಿಮ್ದೇ,” ಎಂದಳು ಬಾಗಿಲಲ್ಲಿ ನಿಂತಿದ್ದ ಬೊಂಬೆಯಕ್ಕ, ಉಕ್ಕಿ ಬರುತ್ತಿದ್ದ ಅಳುವನ್ನು ನುಂಗಿಕೊಂಡು.

ಅತ್ತಿಗೆ ಎರಡೂ ಕೈಗಳಿಂದ ತಮ್ಮ ತಲೆಯನ್ನು ಮುಟ್ಟಿ ನೋಡಿಕೊಂಡರು. “ಇದು ಇದೆಯಲ್ಲ, ಸದ್ಯ. ಕೂತ್ಕೊಳಮ್ಮ. ಮೊದಲು ನೀರು ಕುಡಿ.” ಅಷ್ಟರಲ್ಲಿ ಬಿಸ್ಕತ್ತು ಮೆತ್ತಗಾಗಿ ಚಹಾದ ತಳ ಸೇರಿತ್ತು.

ಬೊಂಬೆಯಕ್ಕನ ಕೈಗೆ ನೀರಿನ ಲೋಟ ಕೊಟ್ಟವಳು ಮಂಚದ ಪಕ್ಕದಲ್ಲಿ ಕುಳಿತಿದ್ದ ನಾದಿನಿ. ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿ ನಿವೃತ್ತಳಾದವಳು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ನಾದಿನಿಯರಿಬ್ಬರೂ ಒಂದೇ ಮನೆಯಲ್ಲಿ, ಫ್ಯಾನು ಹಾಕಬೇಕೋ ಬೇಡವೋ ಎಂದು ದಿನಾ ಜಗಳವಾಡುತ್ತ ಸುಖವಾಗಿದ್ದರು. ಅತ್ತಿಗೆ ಪೊಲೀಸ್ ಇಲಾಖೆಯ ಅಪರಾಧ ವಿಭಾಗದಲ್ಲಿ ದುಡಿದವರು. ಕೆಲಸ ಬಿಟ್ಟರೂ ಒಗಟುಗಳು ಅವರನ್ನು ಬಿಟ್ಟಿರಲಿಲ್ಲ. ಯಾರದೋ ಒಡವೆ ಹೋಯಿತು, ಯಾರದೋ ಅಳಿಯ ಕಾಣೆಯಾದ ಎಂದು ಜನ ಬಾಗಿಲು ತಟ್ಟುತ್ತಲೇ ಇದ್ದರು. ಅತ್ತಿಗೆ ಹೊರಟಲ್ಲಿಗೆಲ್ಲ ನಾದಿನಿ ಕನ್ನಡಕದ ಡಬ್ಬಿ ಹಿಡಿದು ಹಿಂದೆಯೇ ಹೊರಡುತ್ತಿದ್ದಳು.

ಈಗ ಆ ಅತ್ತಿಗೆಯ ಬಲಗಣ್ಣಿನ ಹಿಂದೆಯೇ ಒಂದು ಗಂಟು ಬೆಳೆದಿತ್ತು. ಕತ್ತಿ ಆಡಿಸಲಾಗದ ಇಕ್ಕಟ್ಟಿನ ಜಾಗ. ವಿಕಿರಣದಿಂದಲೇ ಸುಡಬೇಕು, ಬೇಗ ಸುಡಬೇಕು, ತಡವಾದರೆ ಕಣ್ಣು ಉಳಿಯುವುದಿಲ್ಲ ಎಂದಿದ್ದರು ದೊಡ್ಡ ಡಾಕ್ಟರು. ಅವತ್ತೇ ಬೆಳಗ್ಗೆ ಹೊಸ ಯಂತ್ರದಲ್ಲಿ ಮೊದಲ ಸರದಿ ಅತ್ತಿಗೆಯದಾಗಿತ್ತು.

ಆ ಯಂತ್ರದ ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಿಳಿಯುವುದಿಲ್ಲ. ಎಲ್ಲಿ ಬಿತ್ತು ಎಂದು ರೋಗಿಯನ್ನು ಕೇಳಿ ಪ್ರಯೋಜನವಿಲ್ಲ. ಹಾಗಾಗಿ ರೋಗಿಗಿಂತ ಮೊದಲು ಒಂದು ಅಣಕು ದೇಹ ಅಲ್ಲಿ ಮಲಗಬೇಕು. ಫ್ಯಾಂಟಮ್ ಎನ್ನುತ್ತಾರೆ ಅದಕ್ಕೆ. ಆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವನ್ನು ಮಾಡುವ ಅಚ್ಚುಮನೆಯೇ ಇತ್ತು, ಅದನ್ನು ನಡೆಸುವವಳು ಬೊಂಬೆಯಕ್ಕ. ರೋಗಿಯ ಸ್ಕ್ಯಾನ್ ಚಿತ್ರದಿಂದ ಮುಖವನ್ನೂ ತಲೆಬುರುಡೆಯನ್ನೂ ಯಂತ್ರದಲ್ಲಿ ಪದರ ಪದರವಾಗಿ ಅಚ್ಚಿಳಿಸುತ್ತಿದ್ದಳು. ಮೂಳೆಗೆ ಮೂಳೆಯಷ್ಟೇ ಗಟ್ಟಿಯಾದ ರಾಳ, ಮಾಂಸಕ್ಕೆ ಮಾಂಸದಷ್ಟೇ ಮೆದುವಾದದ್ದು, ಒಳಗೆ ನೀರಿನಂಥ ತಿಳಿ ಜೆಲ್. ಕಿರಣ ಬಿದ್ದ ಕಡೆ ಆ ಜೆಲ್ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ರಾತ್ರಿ ಕಳೆದು ಬೆಳಗಾದರೆ ಬಿಳುಪು ನೆಲೆಗೊಳ್ಳುತ್ತದೆ, ಆಗ ನೋಡಿ ಯಂತ್ರದ ಗುರಿ ಸರಿಯೋ ತಪ್ಪೋ ಹೇಳಬಹುದು.

ಅತ್ತಿಗೆಯ ಅಣಕು ತಲೆಯ ಮೇಲೆ ಹಿಂದಿನ ಸಂಜೆ ಕಿರಣ ಬಿಟ್ಟಾಗಿತ್ತು. ಬೆಳಗ್ಗೆ ನೋಡಿದರೆ ಅದು ಚೂರು ಚೂರಾಗಿತ್ತು.

“ಅಚ್ಚಲ್ಲಿ ಗಾಳಿಗುಳ್ಳೆ ಬಿದ್ದಿತ್ತಂತೆ, ನಾನೇ ಮುಚ್ಚಿಹಾಕೋಕೆ ಒಡೆದೆನಂತೆ,” ಎಂದಳು ಬೊಂಬೆಯಕ್ಕ. “ಎಂಜಿನಿಯರ್ ಎಲ್ಲರ ಮುಂದೆ ಅಂದ. ದೊಡ್ಡ ಡಾಕ್ಟರು ಯಾರನ್ನೂ ಹೊರಗೆ ಬಿಡ್ಬೇಡಿ ಅಂತ ಕೆಳಗಿನ ಬಾಗಿಲು ಹಾಕ್ಸಿದಾರೆ. ನಿಮ್ಮನ್ನ ಕರ್ಕೊಂಡು ಬರ್ತೀನಿ ಅಂತ ನನ್ನ ಮಾತ್ರ ಬಿಟ್ರು. ನನ್ನ ಕೈಯಿಂದ ಈ ಕೆಲಸ ಹೋದ್ರೆ ಹೋಗ್ಲಿ ಅಮ್ಮ. ಆದ್ರೆ ನಿಮ್ಮ ತಲೇನ ನಾನು ಒಡೀತೀನಾ?”

ಅತ್ತಿಗೆ ಮಂಚದಿಂದ ಕಾಲು ಇಳಿಬಿಟ್ಟರು. “ನನ್ನ ಕೊಲೇನ ನಾನೇ ವಿಚಾರಿಸೋ ಭಾಗ್ಯ ಯಾರಿಗುಂಟು? ನಡೀರಿ.”

ನಾದಿನಿ ಅವರ ಮುಖ ನೋಡಿದಳು. ನೆಲಮಾಳಿಗೆ ಎಂದರೆ ಕಿಟಕಿಯಿಲ್ಲದ ಜಾಗ. ಕೆಲಸದಲ್ಲಿದ್ದಾಗ ಒಬ್ಬ ಕಳ್ಳ ಅತ್ತಿಗೆಯನ್ನು ಮೊಣಕೈಯಿಂದ ಮೂಗಿಗೆ ಗುದ್ದಿ, ತಂಪುಕೋಣೆಯೊಂದಕ್ಕೆ ತಳ್ಳಿ ಬೀಗ ಹಾಕಿಕೊಂಡು ಹೋಗಿದ್ದ. ಮೂಗು ಎಡಕ್ಕೆ ವಾಲಿದ್ದು ಹಾಗೇ ಉಳಿಯಿತು. ಮುಚ್ಚಿದ ಜಾಗದ ಭಯವೂ ಹಾಗೇ ಉಳಿಯಿತು. ಮನೆಯಲ್ಲಿ ಬಚ್ಚಲಿನ ಬಾಗಿಲಿಗೂ ಅವರು ಚಿಲಕ ಹಾಕುತ್ತಿರಲಿಲ್ಲ.

*

ಕೆಳಗಿನ ಉಕ್ಕಿನ ಬಾಗಿಲು ಹಿಂದೆ ಮುಚ್ಚಿಕೊಂಡಾಗ ಅತ್ತಿಗೆ ನಾದಿನಿಯ ಮಣಿಕಟ್ಟು ಹಿಡಿದರು. ಬಳೆಗಳು ಚರ್ಮಕ್ಕೆ ಒತ್ತಿದವು. ಆಳೆತ್ತರದಷ್ಟು ದಪ್ಪದ ಗೋಡೆಗಳ ನಡುವೆ ಓಣಿ ಎರಡು ಸಲ ತಿರುಗುತ್ತಿತ್ತು. ಯಾರೋ ಪುಣ್ಯಾತ್ಮರು ರೋಗಿಗಳಿಗೆಂದು ಚಾವಣಿಗೆ ಮೋಡದ ಚಿತ್ರ ಅಂಟಿಸಿದ್ದರು. ಮೋಡಗಳ ಮಧ್ಯೆ ಒಂದು ಟ್ಯೂಬ್‌ಲೈಟ್ ಮಿಣುಕುತ್ತಿತ್ತು.

ಅಚ್ಚುಮನೆಯಲ್ಲಿ ಕಪಾಟಿನ ತುಂಬ ದೇಹಗಳು. ತೋಳಿಲ್ಲದ ಎದೆಗಳು, ಕಾರ್ಕಿನ ಶ್ವಾಸಕೋಶಗಳು, ಒಂದು ಮಗುವಿನ ತಲೆ. ಮಗುವಿನ ತಲೆಗೆ ಯಾರೋ ಉಣ್ಣೆಯ ಟೋಪಿ ಹಾಕಿದ್ದರು. ನಾದಿನಿ ಅದನ್ನು ನೋಡಿದಳು. ಬೊಂಬೆಯಕ್ಕನೇ ಇರಬೇಕು.

ಒಳಗೆ ನಾಲ್ವರಿದ್ದರು. ದೊಡ್ಡ ಡಾಕ್ಟರು ಗಡಿಯಾರ ನೋಡುತ್ತಿದ್ದರು. ಕಿರಣದ ಪ್ರಮಾಣವನ್ನೂ ದಾರಿಯನ್ನೂ ಲೆಕ್ಕ ಹಾಕುವ ಭೌತವಿಜ್ಞಾನಿ, ಎಲ್ಲರ ಬಾಯಲ್ಲಿ ಲೆಕ್ಕದ ಮೇಡಂ, ಕೈಕಟ್ಟಿ ನಿಂತಿದ್ದರು. ಯಂತ್ರದ ಕಂಪನಿಯ ಎಂಜಿನಿಯರ್ ತನ್ನ ಕುರ್ಚಿಯನ್ನು ಅತ್ತಿಗೆಯ ಕಡೆ ತಳ್ಳಿ, ಮುಖವನ್ನು ಇನ್ನೊಂದು ಕಡೆ ತಿರುಗಿಸಿಕೊಂಡ. ನಾಲ್ಕನೆಯವನು ರೋಗಿಗಳನ್ನು ಮಲಗಿಸಿ ಯಂತ್ರ ನಡೆಸುವ ಟೆಕ್ನಿಷಿಯನ್. ಚಳಿ ಕೋಣೆಗೆ ಬಂದ ಪ್ರತಿಯೊಬ್ಬರಿಗೂ ಕೇಳದೆಯೇ ನೀಲಿ ಕಂಬಳಿ ಹೊದಿಸುತ್ತಿದ್ದರಿಂದ ಅವನು ಕಂಬಳಿ ತಮ್ಮ. ಅತ್ತಿಗೆ ಕೂತ ಕೂಡಲೇ ಅವರ ಹೆಗಲಿಗೂ ಒಂದು ಕಂಬಳಿ ಬಂತು.

ಚೂರುಗಳು ಗೋಡೆಯ ಮೂಲೆಯಲ್ಲಿ ರಾಶಿಯಾಗಿದ್ದವು. “ಯಾರಾದ್ರೂ ಗುಡಿಸಿದ್ರಾ?” ಎಂದು ಕೇಳಿದಳು ನಾದಿನಿ.

“ಇಲ್ಲ, ಹೀಗೇ ಇತ್ತು,” ಎಂದಳು ಬೊಂಬೆಯಕ್ಕ. “ಕಸ ಗುಡಿಸೋ ಅಜ್ಜಿ ನೋಡಿ ಕೂಗಿದ್ದು. ಪಾಪ, ಅವರು ಬರಿಗಾಲಲ್ಲೇ ಓಡಾಡ್ತಾರೆ.”

ನಾದಿನಿ ಬಗ್ಗಿ ನೆಲದ ಮೇಲೆ ಅಂಗೈ ಆಡಿಸಿದಳು. ಒಂದೇ ಒಂದು ಸಿಬಿರೂ ತಾಗಲಿಲ್ಲ. “ಅತ್ತಿಗೆ, ಒಡೆದವರು ಯಾರ ಕಾಲಿಗೂ ಚುಚ್ಚಬಾರದು ಅಂತ ನೋಡ್ಕೊಂಡಿದಾರೆ.”

ಅತ್ತಿಗೆ ಹುಬ್ಬೇರಿಸಿದರು. “ನೋಡು ಮತ್ತೆ. ನಿನ್ನ ಕಣ್ಣಿಗೆ ಬೀಳೋದೆಲ್ಲ ಇಂಥವೇ. ಚೂರುಗಳನ್ನ ಮೇಜಿನ ಮೇಲೆ ಜೋಡಿಸು. ಮುಖದ ಕಡೆಯಿಂದ.”

ನಾದಿನಿ ಜೋಡಿಸುತ್ತಿದ್ದಂತೆ ಅತ್ತಿಗೆ ಒಬ್ಬೊಬ್ಬರನ್ನೇ ಕೇಳಿದರು. ಅಚ್ಚುಮನೆಯ ಬೀಗದ ಕೈ ಬಾಗಿಲ ಪಕ್ಕದ ಮೊಳೆಗೇ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆಯಬಹುದಿತ್ತು.

“ಆಯಮ್ಮನ ಅಚ್ಚಲ್ಲಿ ಗುಳ್ಳೆ ಇದ್ದಿದ್ರೆ ನನ್ನ ಯಂತ್ರದ ಹೆಸರು ಕೆಡ್ತಿತ್ತು,” ಎಂದ ಎಂಜಿನಿಯರ್. “ಈಗ್ಲೂ ಏನು? ನಮ್ಮ ಕಂಪನಿಯ ಸಿದ್ಧ ಫ್ಯಾಂಟಮ್ ಇದೆ, ಅದ್ರಲ್ಲಿ ಪರೀಕ್ಷೆ ಮಾಡಿ ಮುಗಿಸಿ.”

“ನಿಮ್ಮ ಯಂತ್ರಕ್ಕೆ ನಿಮ್ಮದೇ ಫ್ಯಾಂಟಮ್ ಸರ್ಟಿಫಿಕೇಟ್ ಕೊಡುತ್ತೆ, ಬಿಡಿ,” ಎಂದರು ಲೆಕ್ಕದ ಮೇಡಂ. “ಚಿಕಿತ್ಸೆ ಮುಂದಕ್ಕೆ ಹಾಕೋಣ. ಅನುಮಾನ ಇಟ್ಕೊಂಡು ನಾನು ಯಾರಿಗೂ ಕಿರಣ ಬಿಡಲ್ಲ.”

“ಮುಂದಕ್ಕೆ ಹಾಕಿದರೆ ಇವರ ಕಣ್ಣು?” ಎಂದರು ದೊಡ್ಡ ಡಾಕ್ಟರು.

“ಮುಂದಕ್ಯಾಕೆ?” ಎಂದಳು ಬೊಂಬೆಯಕ್ಕ. “ಚಿತ್ರ ಕಂಪ್ಯೂಟರಲ್ಲೇ ಇದೆ. ಅದರಿಂದಲೇ ಇನ್ನೊಂದು ತಲೆ ಇಳಿಸ್ತೀನಿ.”

“ಅದಕ್ಕಿಂತ...” ಎಂದ ಕಂಬಳಿ ತಮ್ಮ, ಅತ್ತಿಗೆಯ ಹೆಗಲಿಂದ ಜಾರದೇ ಇದ್ದ ಕಂಬಳಿಯ ಅಂಚನ್ನೂ ಸರಿಪಡಿಸುತ್ತ. “ಇನ್ನೊಂದ್ ಸಲ ಸ್ಕ್ಯಾನ್ ಮಾಡಿದ್ರೆ ಒಳ್ಳೇದು. ಹೆಚ್ಚು ಹೊತ್ತೇನೂ ಹಿಡಿಯಲ್ಲ. ಅಮ್ಮನಿಗೆ ಕಷ್ಟ ಆಗದ ಹಾಗೆ ನಾನೇ ನೋಡ್ಕೋತೀನಿ.”

ಲೆಕ್ಕದ ಮೇಡಂ, “ಒಡೆದಿದ್ದು ಬೊಂಬೆ, ಸ್ಕ್ಯಾನ್ ಅಲ್ಲ,” ಎಂದರು.

ಮೇಜಿನ ಮೇಲೆ ಮುಖ ಒಂದು ಆಕಾರಕ್ಕೆ ಬಂದಿತ್ತು. ಕಣ್ಣು ಮುಚ್ಚಿದ, ಕೂದಲಿಲ್ಲದ ಮುಖ, ಮೂಗು ಮಾತ್ರ ಇಡಿಯಾಗಿ ಉಳಿದಿತ್ತು. ನಾದಿನಿಗೆ ಮತ್ತೆ ನಿನ್ನೆಯದೇ ಇರಿಸುಮುರಿಸು. ನಿನ್ನೆ ಬೊಂಬೆಯಕ್ಕ ಈ ತಲೆಯನ್ನು ಮೊದಲ ಸಲ ತೋರಿಸಿದ್ದಳು. ಅತ್ತಿಗೆ ಕಂಡ ಕೂಡಲೇ, “ಅಯ್ಯೋ, ನಾನೇ! ದಿನಾ ಬೆಳಗ್ಗೆ ತಲೆ ಬಾಚ್ಕೊಳೋವಾಗ ಕಾಣೋದು ಇವಳೇ,” ಎಂದು ನಕ್ಕಿದ್ದರು. ನಾದಿನಿಗೆ ಹಾಗನ್ನಿಸಿರಲಿಲ್ಲ. ಇಷ್ಟು ವರ್ಷ ಎದುರಿಗೆ ಕೂತು ಊಟ ಮಾಡಿದ ಮುಖ, ಆದರೂ ಯಾರೋ ದೂರದ ನೆಂಟರಂತೆ ಕಂಡಿತ್ತು. ಕೂದಲಿಲ್ಲವಲ್ಲ, ಅದಕ್ಕೇ ಇರಬೇಕು ಎಂದು ಸುಮ್ಮನಾಗಿದ್ದಳು.

ಈಗ ಅದನ್ನೇ ಹೇಳಿದಳು. “ಯಾಕೋ ಇದು ನೀವು ಅನ್ನಿಸಲ್ಲ ಅತ್ತಿಗೆ.”

“ನನಗೆ ನಾನೇ ಅನ್ನಿಸ್ತೀನಲ್ಲೇ!”

ಹಾಗೆಂದವರು ಬಾಯಿ ತೆರೆದಂತೆಯೇ ನಿಂತರು. ಬೊಂಬೆಯ ಮೂಗನ್ನು ಎತ್ತಿ ನೋಡಿದರು. ತಮ್ಮ ಮೂಗನ್ನು ಬೆರಳಿಂದ ಸವರಿಕೊಂಡರು. ಆಮೇಲೆ, ಯಾವುದೋ ಮಾತಿಗೆ ಎಂಬಂತೆ ಕೇಳಿದರು: “ಏ, ಸ್ಕ್ಯಾನ್ ದಿನ ನೀನು ಬಾಗಿಲಲ್ಲಿ ನಿಂತಿದ್ದೆಯಲ್ಲ? ನನಗಿಂತ ಮುಂಚೆ ಒಳಗೆ ಹೋದವರದ್ದು ನಿನಗೇನು ಕಾಣಿಸ್ತು?”

“ಅಂಗಾಲು. ಎಲ್ಲರದ್ದೂ ಅಂಗಾಲೇ.”

“ನಂದು?”

“ನಿಮ್ಮ ತುರುಬು.” ನಾದಿನಿಗೆ ಚೆನ್ನಾಗಿ ನೆನಪಿತ್ತು. ತಲೆ ಅಲುಗದಂತೆ ಹಿಡಿಯುವ ಮುಖವಾಡ ಹಾಕಿದ ಮೇಲೆ ಅತ್ತಿಗೆ ಆ ದೊಡ್ಡ ಬಳೆಯಂಥ ಸ್ಕ್ಯಾನ್ ಯಂತ್ರದೊಳಗೆ ತಲೆ ಹಾಕಲಾರದೆ ಚೀರಿದ್ದರು. ಆಗ ಕಂಬಳಿ ತಮ್ಮ ಅವರನ್ನು ಎಬ್ಬಿಸಿ, ಸಮಾಧಾನ ಮಾಡಿ, ತಿರುಗಿಸಿ ಮಲಗಿಸಿದ್ದ. ಕಾಲು ಮೊದಲು ಹೋಗಲಿ, ತಲೆ ಕೊನೆಗೆ ಬರಲಿ, ಅಲ್ಲಿಯವರೆಗೆ ನಿಮ್ಮವರ ದನಿ ಹತ್ತಿರದಲ್ಲೇ ಕೇಳ್ತಿರುತ್ತೆ ಎಂದಿದ್ದ. ನಾದಿನಿ ಬಾಗಿಲು ಮುಚ್ಚುವವರೆಗೂ ಮನೆಯ ಫ್ಯಾನಿನ ಜಗಳವನ್ನೇ ಹೇಳುತ್ತ ನಿಂತಿದ್ದಳು.

“ನನ್ನ ಮುಖವಾಡ ತರಿಸಿ,” ಎಂದರು ಅತ್ತಿಗೆ.

*

ಮುಖವಾಡ ಬಂತು. ಕಾಯಿಸಿ ಮೆದುವಾಗಿಸಿ, ಅತ್ತಿಗೆಯ ಮುಖದ ಮೇಲೆಯೇ ಒತ್ತಿ ಎರಕ ತೆಗೆದ ಬಿಳಿಯ ಬಲೆ. ಅದನ್ನು ಹಾಕಿ ಮಂಚಕ್ಕೆ ಚಿಲಕ ಬಿಗಿದರೆ ರೋಗಿ ಕೂದಲೆಳೆಯಷ್ಟೂ ಅಲುಗುವಂತಿಲ್ಲ. ಅದನ್ನು ಕಂಡ ಕೂಡಲೇ ಅತ್ತಿಗೆ ಕಣ್ಣು ಬೇರೆಡೆ ತಿರುಗಿಸಿದರು. ನಾದಿನಿಯ ಮಣಿಕಟ್ಟನ್ನು ಮತ್ತೆ ಹುಡುಕಿಕೊಂಡರು.

“ಎಲ್ಲರೂ ಹತ್ತಿರ ಬನ್ನಿ,” ಎಂದರು. “ನೀವೆಲ್ಲ ಒಡೆದ ತಲೆಯ ಒಳಗೆ ಹುಡುಕ್ತಿದೀರಿ. ಗುಳ್ಳೆಯೋ, ಬಿಳುಪೋ, ಯಂತ್ರದ ತಪ್ಪೋ ಅಂತ. ನೋಡಬೇಕಾದ್ದು ಮೇಲೇ ಇದೆ. ನಿಯಮದ ಪ್ರಕಾರ ಅಣಕು ತಲೆಗೂ ರೋಗಿಯ ಮುಖವಾಡವನ್ನೇ ಹಾಕ್ಬೇಕಲ್ವಾ ಮೇಡಂ?”

“ಹೌದು. ಆದ್ರೆ ನಿನ್ನೆ ಹಾಕ್ಲಿಲ್ಲ. ಮುಖವಾಡ ಸ್ವಲ್ಪ ಕುಗ್ಗಿದೆ, ಪಟ್ಟಿ ಕಟ್ಟಿ ಮುಗಿಸೋಣ ಅಂದ ಈ ಕಂಬಳಿ ತಮ್ಮ. ಆಗುತ್ತೆ ಹಾಗೆ, ಕೆಲವೊಮ್ಮೆ.”

“ಕುಗ್ಗಿದ್ರೆ ನನಗೂ ಆಗಬಾರ್ದು.” ಅತ್ತಿಗೆ ಕಣ್ಣು ಮುಚ್ಚಿ, ಬಲೆಯನ್ನು ತಾವೇ ಮುಖಕ್ಕೆ ಹಿಡಿದರು. ಅದು ಕೈಗವಸಿನಂತೆ ಕೂತಿತು. ತಟ್ಟನೆ ತೆಗೆದು, ದೀರ್ಘವಾಗಿ ಉಸಿರೆಳೆದು, ಮೂಗಿನ ಜಾಗ ತೋರಿಸಿದರು. ಬಲೆಯ ಮೂಗಿನ ಒಂದು ಪಕ್ಕ ಬಿರುಕು ಬಿಟ್ಟಿತ್ತು. “ಯಾರೋ ಇದನ್ನ ಆ ತಲೆಗೆ ಒತ್ತಿ ಒತ್ತಿ ನೋಡಿದಾರೆ. ಕೂರಲಿಲ್ಲ. ಯಾಕೆ? ನನ್ನ ಮೂಗು ಎಡಕ್ಕೆ ವಾಲಿದೆ. ಈ ಬೊಂಬೆಯ ಮೂಗು ಬಲಕ್ಕೆ.”

ಬೊಂಬೆಯಕ್ಕ ಬೊಂಬೆಯ ಮೂಗನ್ನು ಕೈಗೆತ್ತಿಕೊಂಡು ಅತ್ತಿಗೆಯ ಮೂಗಿನ ಪಕ್ಕ ಹಿಡಿದು ನೋಡಿದಳು.

“ನಾವು ನಮ್ಮ ಮುಖ ಕಾಣೋದು ಕನ್ನಡೀಲಿ ಮಾತ್ರ,” ಎಂದರು ಅತ್ತಿಗೆ. “ಅದಕ್ಕೇ ನನಗೆ ಇದು ನಾನೇ ಅನ್ನಿಸ್ತು, ನನ್ನ ದಿನಾ ನೋಡೋ ಇವಳಿಗೆ ಬೇರೆ ಯಾರೋ ಅನ್ನಿಸ್ತು. ಇದು ನನ್ನ ತಲೆ ಅಲ್ಲ, ಕನ್ನಡಿಯೊಳಗಿನ ತಲೆ. ಈಗ ಹೇಳಿ ಮೇಡಂ, ನನ್ನ ಸ್ಕ್ಯಾನ್ ನಿಮ್ಮ ಪರದೆ ಮೇಲೆ ಬಂದಾಗ ಹೇಗಿತ್ತು?”

ಲೆಕ್ಕದ ಮೇಡಂ ನೆನಪಿಸಿಕೊಂಡರು. “ತಲೆಕೆಳಗಾಗಿತ್ತು. ನೆತ್ತಿ ಕೆಳಗೆ, ಕತ್ತು ಮೇಲೆ. ಏನೋ ಸಣ್ಣ ಎಡವಟ್ಟು ಅಂತ ಪದರ ಪದರವಾಗಿ ಬಂದ ಚಿತ್ರಗಳ ಕ್ರಮ ಹಿಂದುಮುಂದು ಮಾಡಿ ನೆಟ್ಟಗೆ ಮಾಡ್ದೆ.”

ಅತ್ತಿಗೆ ನಾದಿನಿಯ ಕಡೆ ತಿರುಗಿದರು. “ಒಂದು ತೆಳು ಕಾಗದದ ಮೇಲೆ ನನ್ನ ಬರಿ. ಮೂಗು ಸರಿಯಾಗಿ ಬರಿ.”

ನಾದಿನಿ ಬೆಣ್ಣೆಕಾಗದದ ಮೇಲೆ ಸರಸರನೆ ಬರೆದಳು. ಅತ್ತಿಗೆ ಅದನ್ನು ತಲೆಕೆಳಗಾಗಿ ಮೇಜಿನ ಮೇಲಿಟ್ಟರು. “ಇದನ್ನ ನೆಟ್ಟಗೆ ಮಾಡೋಕೆ ಎರಡು ದಾರಿ. ಹೀಗೆ ಸುತ್ತ ತಿರುಗಿಸಬಹುದು.” ಕಾಗದ ಮೇಜಿನ ಮೇಲೆಯೇ ಸುತ್ತಿತು, ಮೂಗು ಇದ್ದಂತೆಯೇ ಇತ್ತು. “ಇಲ್ಲಾ, ಹೀಗೆ ಮಗುಚಬಹುದು.” ಕೆಳಗಿನ ಅಂಚು ಹಿಡಿದು ಹಾಳೆಯನ್ನೇ ಕವುಚಿದರು. ಮುಖ ನೆಟ್ಟಗಾಯಿತು. ಕಾಗದದ ಹಿಂಬದಿಯಿಂದ ಕಾಣುತ್ತಿದ್ದ ಮೂಗು ಮಾತ್ರ ಇನ್ನೊಂದು ಕಡೆಗೆ ವಾಲಿತ್ತು. “ನೀವು ತಿರುಗಿಸಬೇಕಾದ್ದನ್ನ ಮಗುಚಿಬಿಟ್ರಿ.”

ಲೆಕ್ಕದ ಮೇಡಂ ಕುರ್ಚಿ ಹುಡುಕಿದರು. ಎಂಜಿನಿಯರ್ ಅವರ ತೋಳು ಹಿಡಿದು ಕೂರಿಸಿದ. “ಅದೇ ಚಿತ್ರದಿಂದ ಚಿಕಿತ್ಸೆಯ ಲೆಕ್ಕಾನೂ ಹಾಕಿದೀನಿ,” ಎಂದರು ಮೇಡಂ, ಮೆಲ್ಲಗೆ. “ಬೊಂಬೆಯೂ ಕನ್ನಡಿ, ಲೆಕ್ಕವೂ ಕನ್ನಡಿ. ಪರೀಕ್ಷೆ ಪಾಸಾಗ್ತಿತ್ತು. ಆಮೇಲೆ ಇವರ ಎಡಗಣ್ಣು... ಚೆನ್ನಾಗಿರೋ ಕಣ್ಣು...”

“ನಾನೂ ನೋಡಿ ಒಪ್ಪಿಗೆ ಕೊಟ್ಟಿದೀನಿ,” ಎಂದರು ದೊಡ್ಡ ಡಾಕ್ಟರು. ಅವರು ಗಡಿಯಾರ ನೋಡುವುದನ್ನು ಬಿಟ್ಟಿದ್ದರು. “ಚಿತ್ರದಲ್ಲಿ ಯಾವಾಗಲೂ ಎಡಬಲ ಅದಲುಬದಲಾಗೇ ಕಾಣುತ್ತೆ. ಅದನ್ನ ಮನಸ್ಸಲ್ಲೇ ತಿರುಗಿಸಿಕೊಂಡು ಅಭ್ಯಾಸ. ಇನ್ನೊಂದು ಸಲ ಬದಲಾದದ್ದು ಗೊತ್ತೇ ಆಗಲಿಲ್ಲ.”

ಎಲ್ಲರೂ ಆ ಗೋಡೆಗಳ ನಡುವೆ ಇನ್ನಷ್ಟು ಒತ್ತಿಕೊಂಡಂತೆ ನಾದಿನಿಗೆ ಕಂಡಿತು.

“ಚಿತ್ರ ತಲೆಕೆಳಗಾಗಿ ಬಂದದ್ದು ಯಾಕೆ?” ಎಂದರು ಅತ್ತಿಗೆ, ದನಿ ತಗ್ಗಿಸಿ. “ನಾನು ಹೆದರಿಕೊಂಡೆ, ನನ್ನನ್ನ ತಿರುಗಿಸಿ ಮಲಗಿಸಿದ್ರು. ತಲೆ ಮೊದಲು ಹೋಗ್ತಿದೆ ಅಂತ ಯಂತ್ರಕ್ಕೆ ಮುಂಚೆಯೇ ಹೇಳಿಯಾಗಿತ್ತು. ಅದನ್ನ ಬದಲಾಯಿಸೋದು ಮರೆತುಹೋಯ್ತು. ಚೀರ್ತಿದ್ದ ಒಬ್ಬ ಮುದುಕಿಯನ್ನ ಸಮಾಧಾನ ಮಾಡೋ ಗಡಿಬಿಡೀಲಿ ಯಾರಿಗೆ ತಾನೇ ನೆನಪಿರುತ್ತೆ? ಇಷ್ಟೂ ಗೊತ್ತಾಗೋದು ಒಬ್ಬನಿಗೇ. ನನ್ನನ್ನ ತಿರುಗಿಸಿದವನು ಅವನು. ಮುಖವಾಡ ಕೂರಿಸೋಕೆ ಹೋದವನೂ ಅವನೇ. ಮುಖವಾಡ ಕುಗ್ಗಿದೆ ಅಂದವನೂ ಅವನೇ. ಬೊಂಬೆ ಒಡೆದ್ರೆ ಇನ್ನೊಂದು ಬೊಂಬೆ ಸಾಕು. ಹೊಸ ಸ್ಕ್ಯಾನ್ ಬೇಕು ಅನ್ನೋದು, ಹಳೆಯದು ತಪ್ಪು ಅಂತ ಗೊತ್ತಿದ್ದವನು ಮಾತ್ರ.” ಒಡೆದ ಜೆಲ್ಲಿನ ಉಂಡೆಗೆ ಅಂಟಿಕೊಂಡಿದ್ದ ನೀಲಿ ಉಣ್ಣೆಯ ಎಳೆಯೊಂದನ್ನು ಬಿಡಿಸಿ ಮೇಜಿನ ಮೇಲಿಟ್ಟರು. “ಒಡೆಯೋ ಮುಂಚೆ ತಲೆಗೂ ಕಂಬಳಿ ಹೊದಿಸಿದೀಯಲ್ಲೋ, ಮಾರಾಯ. ಚೂರು ಸಿಡಿದು ಕಸ ಗುಡಿಸೋ ಅಜ್ಜಿ ಕಾಲಿಗೆ ಚುಚ್ಚೀತು ಅಂತ.”

ಕಂಬಳಿ ತಮ್ಮ ಗೋಡೆಗೆ ಒರಗಿದ. ಹಿಂದೆ ಹೋಗಲು ಜಾಗವಿರಲಿಲ್ಲ.

“ಬೆಳಗ್ಗೆ ಬೇಗ ಬಂದೆ, ಹೇಳೋಣ ಅಂತಾನೇ ಬಂದೆ,” ಎಂದ. “ದಾರೀಲಿ ಅಭ್ಯಾಸ ಮಾಡ್ಕೊಂಡು ಬಂದಿದ್ದ ಮಾತು ಬಾಯಿಗೆ ಬರ್ಲೇ ಇಲ್ಲ. ಇನ್ನೊಂದ್ ತಪ್ಪಾದ್ರೆ ಮನೆಗೆ ಹೋಗು ಅಂದಿದ್ರು ನಂಗೆ. ಸುಮ್ನಿದ್ರೆ ಅಮ್ಮನ ಕಣ್ಣು ಹೋಗುತ್ತೆ. ಹೇಳಿದ್ರೆ... ತಲೆ ಇಲ್ದಿದ್ರೆ ಚಿಕಿತ್ಸೆ ನಿಲ್ಲುತ್ತಲ್ಲ, ಹೊಸ ಸ್ಕ್ಯಾನ್ ಮಾಡ್ತಾರಲ್ಲ ಅಂದ್ಕೊಂಡೆ. ಬೊಂಬೆಯಕ್ಕನ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ.”

“ಬಂದ ಮೇಲೆ?” ಎಂದಳು ಬೊಂಬೆಯಕ್ಕ. “ನಾನು ಅಳ್ತಾ ನಿಂತಿದ್ದಾಗ?”

ಅವನು ಮುಖ ಮುಚ್ಚಿಕೊಂಡ.

“ನನ್ನ ಕಣ್ಣು ಉಳಿಸೋಕೆ ನನ್ನ ತಲೆ ಒಡೆದೆ, ಸರಿ,” ಎಂದರು ಅತ್ತಿಗೆ. “ಆದ್ರೆ ಹಳೆಯ ಚಿತ್ರದಿಂದಲೇ ಇನ್ನೊಂದು ತಲೆ ಇಳಿದಿದ್ರೆ? ಆಗೇನು, ಅದನ್ನೂ ಒಡೀತಿದ್ಯಾ? ನಾನು ತಂಪುಕೋಣೇಲಿ ಸಿಕ್ಕಿಬಿದ್ದಾಗ ಬಾಗಿಲು ಹೊರಗಿಂದ ಹಾಕಿತ್ತು. ನಿಂದು ಒಳಗಿಂದ ಹಾಕ್ಕೊಂಡ ಚಿಲಕ, ಮಗಾ. ಬಾಯಿ ಬಿಟ್ಟಿದ್ರೆ ತೆಗೀತಿತ್ತು.”

“ನಿನ್ನನ್ನ ಈಗಿಂದೀಗಲೇ...” ಎಂದು ಶುರುಮಾಡಿದ ದೊಡ್ಡ ಡಾಕ್ಟರು, ತಾವೇ ಒಪ್ಪಿಗೆ ಕೊಟ್ಟ ಚಿತ್ರ ನೆನಪಾಗಿ ಅರ್ಧಕ್ಕೇ ನಿಲ್ಲಿಸಿದರು.

“ಇನ್ನೊಂದು ತಪ್ಪಾದ್ರೆ ಮನೆಗೆ ಅಂತ ಗದರಿಸಿದೋರು ಯಾರು?” ಎಂದು ಕೇಳಿದರು ಅತ್ತಿಗೆ.

“ನಾನೇ,” ಎಂದರು ದೊಡ್ಡ ಡಾಕ್ಟರು.

“ಹಾಗಾದ್ರೆ ಈಗ ಮನೆಗೆ ಹೋಗೋರ ಸಾಲಲ್ಲಿ ಮೂರು ಜನ ಇದೀರಿ. ಎಲ್ಲರೂ ಹೋದ್ರೆ ನನಗೆ ಕಿರಣ ಬಿಡೋರ್ಯಾರು? ಮೊದಲು ಈ ಬಾಗಿಲು ತೆಗೆಸಿ, ನನಗೆ ಉಸಿರು ಕಟ್ತಿದೆ. ಆಮೇಲೆ ಸ್ಕ್ಯಾನ್.”

ಬಾಗಿಲು ತೆರೆಯಿತು. ಹೊರಡುವ ಮುನ್ನ ಎಂಜಿನಿಯರ್ ಬೊಂಬೆಯಕ್ಕನ ಎದುರು ನಿಂತ. “ನಿಮ್ಮ ಅಚ್ಚಲ್ಲಿ ಗುಳ್ಳೆ ಇರ್ಲಿಲ್ಲ,” ಎಂದ. ಕ್ಷಮಿಸಿ ಎಂಬುದನ್ನು ಅವನು ಅಷ್ಟರಮಟ್ಟಿಗೆ ಮಾತ್ರ ಹೇಳಬಲ್ಲವನಾಗಿದ್ದ. ಬೊಂಬೆಯಕ್ಕ ಅಷ್ಟನ್ನೇ ತೆಗೆದುಕೊಂಡಳು.

*

ಸ್ಕ್ಯಾನ್ ಮತ್ತೆ ಆಯಿತು, ಈ ಸಲವೂ ಕಾಲು ಮೊದಲು. ಆದರೆ ಯಂತ್ರಕ್ಕೆ ಅದನ್ನು ಹೇಳಿ, ಲೆಕ್ಕದ ಮೇಡಂ ಪಕ್ಕದಲ್ಲೇ ನಿಂತು, ಗಟ್ಟಿಯಾಗಿ ಓದಿ ಖಾತರಿ ಮಾಡಿಕೊಂಡು. ಅತ್ತಿಗೆಯ ಬಲಗೆನ್ನೆಗೆ ಸಣ್ಣ ಲೋಹದ ಮಣಿಯೊಂದನ್ನು ಅಂಟಿಸಿದ್ದರು, ಚಿತ್ರ ಹೇಗೆ ಹೊರಳಿದರೂ ಬಲ ಯಾವುದೆಂದು ಅದೇ ಸಾರುವಂತೆ. ಅಂಟಿಸಿದವನು ಕಂಬಳಿ ತಮ್ಮ. ಅವನ ಮೇಲಿನ ವಿಚಾರಣೆ ಇನ್ನೂ ಬಾಕಿಯಿತ್ತು, ಯಂತ್ರ ಮುಟ್ಟುವಂತಿರಲಿಲ್ಲ. ಮಣಿ ಅಂಟಿಸಲು, ಕಂಬಳಿ ಹೊದಿಸಲು ಯಾರ ಅಡ್ಡಿಯೂ ಇರಲಿಲ್ಲ.

ಬೊಂಬೆಯಕ್ಕ ಊಟ ನಿದ್ದೆ ಬಿಟ್ಟು ಹೊಸ ತಲೆ ಮಾಡಿದಳು. ಪರೀಕ್ಷೆಯಲ್ಲಿ ಜೆಲ್ ಬೆಳ್ಳಗಾದದ್ದು ಬಲಗಣ್ಣಿನ ಹಿಂದೆ, ಗಂಟು ಇದ್ದಲ್ಲೇ. ಮುಖವಾಡ ಒಂದೇ ಸಲಕ್ಕೆ ಟಕ್ಕನೆ ಕೂತಿತ್ತು.

ಚಿಕಿತ್ಸೆಯ ಬೆಳಗ್ಗೆ ಅವಳು ಆ ತಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತೋರಿಸಲು ಬಂದಳು. ಅತ್ತಿಗೆ ಕಿರಣದ ಕೋಣೆಯ ಹೊರಗೆ ಬೆಂಚಿನ ಮೇಲೆ, ನಾದಿನಿಯ ಮಣಿಕಟ್ಟು ಹಿಡಿದು ಕುಳಿತಿದ್ದರು. ಕನ್ನಡಕ ಏರಿಸಿ ನೋಡಿದರು. ಅತ್ತ ಇತ್ತ ತಿರುಗಿಸಿ ನೋಡಿದರು. ಮುಖ ಸಪ್ಪಗಾಯಿತು.

“ಏ, ಇದ್ಯಾರೇ?” ಎಂದು ಪಿಸುಗುಟ್ಟಿದರು. “ಇದು ನಾನಲ್ಲ ಕಣೇ.”

ನಾದಿನಿ ನೋಡಿದಳು. ಎಡಕ್ಕೆ ವಾಲಿದ ಮೂಗು. ಊಟದ ಮೇಜಿನ ಆಚೆ ಬದಿಯಲ್ಲಿ, ಫ್ಯಾನಿನ ಕೆಳಗೆ, ಇಷ್ಟು ವರ್ಷ ಇದ್ದ ಮುಖ. ಅವಳ ಕಣ್ಣು ಮಂಜಾಯಿತು.

“ನೀವೇ ಅತ್ತಿಗೆ,” ಎಂದಳು. “ನನ್ನ ಮಾತು ನಂಬಿ. ಒಳಗೆ ನಡೀರಿ.”